ಎಕ್ಸ್-ರೇ ಜೋಡಿಯಲ್ಲಿ ಕಾಣದ ನಕ್ಷತ್ರವನ್ನು ತೂಗುವುದು ಹೇಗೆ: ಲೆಕ್ಕ ಜಾರುವ ಜಾಗಗಳ ಸಮೇತ

ವಿ404 ಸಿಗ್ನಿ ಒಂದು ಎಕ್ಸ್-ರೇ ಜೋಡಿ: ಕಾಣದ ಒಂದು ಕಪ್ಪುಕುಳಿ, ಅದರ ಜೊತೆ ಸುತ್ತುವ ಒಂದು ನಕ್ಷತ್ರ. ಆ ಕಪ್ಪುಕುಳಿ ಎಷ್ಟು ತೂಗುತ್ತದೆ ಅಂತ ಲೆಕ್ಕ ಹಾಕಲು ಕೊಟ್ಟರೆ ಒಬ್ಬರಿಗೆ ಸೂರ್ಯನ 1.6 ಪಟ್ಟು ಬರುತ್ತದೆ. ಇನ್ನೊಬ್ಬರಿಗೆ 12 ಪಟ್ಟು. ಇಬ್ಬರೂ ಒಂದೇ ಸೂತ್ರ ಬಳಸಿರುತ್ತಾರೆ, ಗುಣಾಕಾರವೂ ಸರಿಯಾಗೇ ಇರುತ್ತದೆ. ತಪ್ಪಿರುವುದು ಕೆಲಸದ ಕ್ರಮದಲ್ಲಿ. ಆ ಎರಡು ಉತ್ತರ ಎಲ್ಲಿಂದ ಬಂದವು ಅನ್ನೋದು ಕೆಳಗೆ, ಅವು ಹುಟ್ಟಿದ ಹಂತಗಳಲ್ಲೇ ಸಿಗುತ್ತದೆ.

ಮೊದಲೇ ಒಂದು ಮಾತು. ಎಕ್ಸ್-ರೇ ಜೋಡಿಯ ತೂಕವನ್ನು ಎಕ್ಸ್-ರೇ ಹಿಡಿದು ಅಳೆಯುವುದಿಲ್ಲ. ಭಾರತದ ಎಕ್ಸ್-ರೇ ಉಪಗ್ರಹ ಆಸ್ಟ್ರೋಸ್ಯಾಟ್‌ನ ದತ್ತಾಂಶ ಇಳಿಸಿಕೊಂಡು, ಅದರಲ್ಲಿ ಕಂಡ ಮಿಡಿತದ ಆವರ್ತನದಿಂದ ತೂಕ ತೆಗೆಯಲು ಕೂರುವವರು ತುಂಬಾ ಜನ. ಅಲ್ಲಿ ಬರುವ ಸಂಖ್ಯೆ ಒಂದು ಮಾದರಿಯ ಮೇಲೆ ನಿಂತ ಊಹೆ. ನಮಗೆ ಬೇಕಿರುವುದು ಜೊತೆಗಾರ ನಕ್ಷತ್ರ ಎಷ್ಟು ವೇಗವಾಗಿ ಸುತ್ತುತ್ತಿದೆ ಅನ್ನೋದು. ಅದು ಕಾಣುವುದು ಕಣ್ಣಿಗೆ ಕಾಣುವ ಬಗೆಯ ಬೆಳಕಿನಲ್ಲಿ, ಇಲ್ಲವೇ ಅವಕೆಂಪಿನಲ್ಲಿ.

## ಶುರು ಮಾಡುವ ಮುಂಚೆ ಏನೇನು ಬೇಕು

ಜೊತೆಗಾರ ನಕ್ಷತ್ರದ 20ರಿಂದ 30 ರೋಹಿತಗಳು (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ದಾಖಲೆ, ಅದರಲ್ಲಿ ಬೇರೆ ಬೇರೆ ಧಾತುಗಳ ಗೆರೆ ಕಾಣುತ್ತವೆ) ಬೇಕು, ಕಕ್ಷೆಯ ಎಲ್ಲಾ ಭಾಗಗಳಿಂದ ಬಂದಿರಬೇಕು. ಅದೇ ಉಪಕರಣದಲ್ಲಿ, ಅದೇ ಸೀಳಿನಲ್ಲಿ ತೆಗೆದ ಮಾದರಿ ನಕ್ಷತ್ರಗಳ ರೋಹಿತ ಬೇಕು. ವಿ404ಕ್ಕಾದರೆ ಕೆ0ದಿಂದ ಕೆ3ವರೆಗಿನ ಬಗೆಯ (ಸೂರ್ಯನಿಗಿಂತ ತುಸು ತಣ್ಣಗಿನವು), ವೇಗ ಮೊದಲೇ ಗೊತ್ತಿರುವ ನಾಲ್ಕೈದು ನಕ್ಷತ್ರ ಸಾಕು. ಜೊತೆಗೆ ಒಂದು ಒಳ್ಳೆಯ ಬೆಳಕಿನ ರೇಖೆ, ಅಂದರೆ ಹೊಳಪು ಹೊತ್ತಿನ ಜೊತೆ ಹೇಗೆ ಏರಿಳಿಯುತ್ತದೆ ಅನ್ನೋ ನಕ್ಷೆ. ಆಗುವುದಾದರೆ ಅವಕೆಂಪಿನ ಎಚ್ ಇಲ್ಲವೇ ಕೆ ಬ್ಯಾಂಡಿನದು (ಬ್ಯಾಂಡ್ ಅಂದರೆ ತರಂಗಾಂತರದ ಒಂದು ಪಟ್ಟಿ).

ಲೆಕ್ಕಕ್ಕೆ ಪೈಥಾನ್ ಮತ್ತು ಅದರ ಖಗೋಳ ಲೆಕ್ಕದ ಲೈಬ್ರರಿ ಆಸ್ಟ್ರೊಪೈ ಸಾಕು. ಬೆಳಕಿನ ರೇಖೆಗೆ ಮಾದರಿ ಕೂರಿಸಲು ಫೀಬಿ ಅಂತ ಉಚಿತ ಸಾಫ್ಟ್‌ವೇರ್ ಇದೆ.

ದೂರದರ್ಶಕದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದಲೇ ಓಡಿಸುವ ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕದಂಥದ್ದು ಕೆಲಸದ ಮೊದಲರ್ಧಕ್ಕೆ ಸಾಲುತ್ತದೆ. ಮೂರನೇ ಹಂತಕ್ಕೆ ಸಾಲುವುದಿಲ್ಲ. ಯಾಕೆ ಅಂತ ಅಲ್ಲೇ ಹೇಳುತ್ತೇನೆ.

## ಹಂತ 1: ಜೋಡಿ ಶಾಂತವಾಗಿದೆಯಾ ನೋಡಿ

ಜೊತೆಗಾರನಿಂದ ಸೆಳೆದ ಅನಿಲ ಕಪ್ಪುಕುಳಿಯ ಸುತ್ತ ತಟ್ಟೆಯಾಗಿ ಸುತ್ತುತ್ತಿರುತ್ತದೆ. ಜೋಡಿ ಉಕ್ಕಿ ಉರಿಯುತ್ತಿರುವಾಗ ಆ ತಟ್ಟೆಯ ಬೆಳಕಿನಲ್ಲಿ ಜೊತೆಗಾರ ನಕ್ಷತ್ರ ಮುಳುಗಿಹೋಗುತ್ತದೆ. ವಿ404 ಹಾಗೆ ಉಕ್ಕಿದ್ದು 1989ರಲ್ಲಿ, ಆಮೇಲೆ 2015ರಲ್ಲಿ. ಅಂಥ ಕಾಲದ ರೋಹಿತಗಳು ಆರ್ಕೈವ್‌ನಲ್ಲಿ ರಾಶಿ ಬಿದ್ದಿವೆ, ಹೊಳಪೂ ಚೆನ್ನಾಗಿದೆ, ಅದಕ್ಕೇ ಜನ ಅವನ್ನೇ ಎತ್ತಿಕೊಳ್ಳುತ್ತಾರೆ. ಬೇಡ. ನೀವು ಆರಿಸಿದ ತಾರೀಖಿನ ಆಸುಪಾಸಿನಲ್ಲಿ ಎಕ್ಸ್-ರೇ ಏರಿದೆಯಾ ಅಂತ ಮ್ಯಾಕ್ಸಿಯ (ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ಎಕ್ಸ್-ರೇ ಕಾವಲು ಉಪಕರಣ) ದಿನದ ದಾಖಲೆಯಲ್ಲಿ ಮೊದಲು ನೋಡಿ. ಈ ಹಂತದಲ್ಲಿ ಎಕ್ಸ್-ರೇಯಿಂದ ಆಗುವ ಉಪಯೋಗ ಇಷ್ಟೇ.

ಉರಿಯುವಾಗಲೂ ಅಳೆಯಬಹುದು ಅನ್ನುವವರಿಗೆ ಜಿಎಕ್ಸ್ 339-4 ಅನ್ನೋ ಇನ್ನೊಂದು ಎಕ್ಸ್-ರೇ ಜೋಡಿಯ ಕತೆ. ಅದು ಉರಿಯುತ್ತಿದ್ದಾಗ ನೈಟ್ರೊಜನ್ ಮತ್ತು ಕಾರ್ಬನ್‌ನ ಹೊಳೆಯುವ ಗೆರೆಗಳಿಂದ ವೇಗ ತೆಗೆದಿದ್ದರು. 2003ರಲ್ಲಿ ಬಂದ ಉತ್ತರ ಸೆಕೆಂಡಿಗೆ 317 ಕಿ.ಮೀ., ಮಾಸ್ ಫಂಕ್ಷನ್ (ಸುತ್ತುವ ವೇಗ ಮತ್ತು ಒಂದು ಸುತ್ತಿನ ಅವಧಿಯಿಂದ ಸಿಗುವ, ಕಾಣದ ಕಾಯದ ಕನಿಷ್ಠ ತೂಕ) ಸೂರ್ಯನ 5.8 ಪಟ್ಟು. 2017ರಲ್ಲಿ ಅದೇ ಜೋಡಿಯನ್ನು ಶಾಂತವಾಗಿದ್ದಾಗ ಅವಕೆಂಪಿನಲ್ಲಿ ಹಿಡಿದಾಗ ವೇಗ 219 ಕಿ.ಮೀ.ಗೆ, ಮಾಸ್ ಫಂಕ್ಷನ್ 1.91ಕ್ಕೆ ಇಳಿಯಿತು. ಮೂರರಲ್ಲಿ ಒಂದು ಭಾಗ ಉಳಿಯಿತು, ಅಷ್ಟೇ.

## ಹಂತ 2: ಅವಧಿ ಮತ್ತು ವೇಗ

ಪ್ರತಿ ರೋಹಿತವನ್ನೂ ಮಾದರಿ ನಕ್ಷತ್ರದ ಜೊತೆ ಹೋಲಿಸಿ, ಎಷ್ಟು ಸರಿದಿದೆ ಅಂತ ಅಳೆಯಬೇಕು. ಕ್ರಮ ಹೀಗೆ:

1. ತರಂಗಾಂತರವನ್ನು ಲಾಗರಿದಂ ಅಳತೆಗೆ ಬದಲಿಸಿ. ಆಗ ಒಂದೇ ವೇಗ ಎಲ್ಲಾ ಗೆರೆಗಳನ್ನೂ ಒಂದೇ ಸಮ ಸರಿಸುತ್ತದೆ.
2. ಹೈಡ್ರೊಜನ್ ಮತ್ತು ಹೀಲಿಯಂನ ಹೊಳೆಯುವ ಗೆರೆಗಳನ್ನು ಮುಚ್ಚಿ. ಅವು ತಟ್ಟೆಯವು, ನಕ್ಷತ್ರದವಲ್ಲ.
3. ಸೋಡಿಯಂನ ಜೋಡಿ ಗೆರೆಯನ್ನೂ ಮುಚ್ಚಿ. ದಾರಿಯ ಅನಿಲದ ಸೋಡಿಯಂ ಅಲ್ಲಿ ಕಲೆತಿರುತ್ತದೆ, ಅದು ಅಲ್ಲಾಡುವುದಿಲ್ಲ.
4. ನಮ್ಮದೇ ಗಾಳಿಯ ಪಟ್ಟಿಗಳನ್ನು ಮುಚ್ಚಿ. 6867 ಮತ್ತು 7600 ಆಂಗ್‌ಸ್ಟ್ರಮ್ (ತರಂಗಾಂತರದ ಅಳತೆ) ಹತ್ತಿರದವು ಮುಖ್ಯ.
5. ಉಳಿದದ್ದರಲ್ಲಿ ಹೋಲಿಕೆ ಮಾಡಿ. ಕೆ ಬಗೆಯ ನಕ್ಷತ್ರಕ್ಕೆ 6400ರಿಂದ 6530 ಆಂಗ್‌ಸ್ಟ್ರಮ್ ನನ್ನ ಮೆಚ್ಚಿನ ಜಾಗ. ಕ್ಯಾಲ್ಸಿಯಂ, ಕಬ್ಬಿಣದ ಗೆರೆಗಳು ಅಲ್ಲಿ ಚೆನ್ನಾಗಿವೆ.

ಹೋಲಿಕೆಗೆ ಮುಂಚೆ ಎರಡು ನಿಮಿಷ ಕೊಟ್ಟು 5577 ಆಂಗ್‌ಸ್ಟ್ರಮ್‌ನ ಆಕಾಶದ ಗೆರೆ ನೋಡಿ. ಅದು ನಮ್ಮ ತಲೆಯ ಮೇಲಿನ ಆಮ್ಲಜನಕದ ಹೊಳಪು. ಎಲ್ಲಾ ರೋಹಿತಗಳಲ್ಲೂ ಅದೇ ಜಾಗದಲ್ಲಿ ನಿಂತಿರಬೇಕು. ಅದು ಒಂದು ಆಂಗ್‌ಸ್ಟ್ರಮ್ ಸರಿದಿದ್ದರೆ ನಿಮ್ಮ ವೇಗದಲ್ಲಿ ಸೆಕೆಂಡಿಗೆ 54 ಕಿ.ಮೀ. ಸುಳ್ಳು ಸೇರಿದೆ ಅಂತ ಅರ್ಥ.

ಆಮೇಲೆ ಭೂಮಿಯ ಓಟದ ತಿದ್ದುಪಡಿ. ಇದು ಸೆಕೆಂಡಿಗೆ 30 ಕಿ.ಮೀ.ವರೆಗೂ ಹೋಗಬಹುದು. ನನ್ನ ಮೊದಲ ಲೆಕ್ಕದಲ್ಲಿ ಇದರ ಚಿಹ್ನೆಯನ್ನೇ ಉಲ್ಟಾ ಹಾಕಿದ್ದೆ. ಒಂದೇ ವಾರದ ದತ್ತಾಂಶ ಇದ್ದಾಗ ಏನೂ ಗೊತ್ತಾಗಲಿಲ್ಲ. ತಿದ್ದುಪಡಿ ವಾರವಿಡೀ ಹೆಚ್ಚುಕಮ್ಮಿ ಒಂದೇ ಇರುವುದರಿಂದ ತಪ್ಪೆಲ್ಲಾ ಸುಮ್ನೆ ಜೋಡಿಯ ಸರಾಸರಿ ವೇಗದೊಳಗೆ ಹೋಗಿ ಕೂತಿತ್ತು. ನಾಲ್ಕು ತಿಂಗಳ ನಂತರದ ರೋಹಿತ ಸೇರಿಸಿದಾಗ ಬಿಂದುಗಳು ಎರಡು ಸಾಲಾಗಿ ಒಡೆದವು. ಆಗ ಸಿಕ್ಕಿಬಿದ್ದೆ. ವಿ404ರ ಸರಾಸರಿ ವೇಗ ಸೊನ್ನೆಯ ಆಸುಪಾಸಿನಲ್ಲೇ ಇದೆ. ನಿಮಗೆ 20, 30 ಬರುತ್ತಿದ್ದರೆ ಈ ತಿದ್ದುಪಡಿಯನ್ನೋ, ಮಾದರಿ ನಕ್ಷತ್ರದ ಸ್ವಂತ ವೇಗವನ್ನೋ ಮರೆತಿದ್ದೀರಿ. ಸಮಯವನ್ನೂ ತಿದ್ದಬೇಕು, ಅದು 8 ನಿಮಿಷದವರೆಗೆ ವ್ಯತ್ಯಾಸ ಮಾಡುತ್ತದೆ.

1.6 ಪಟ್ಟು ಎಲ್ಲಿಂದ ಬಂತು. ರಾತ್ರಿಗೊಂದೇ ರೋಹಿತ, ಅದೂ ದಿನಾ ಒಂದೇ ಹೊತ್ತಿಗೆ ತೆಗೆದರೆ ನಿಜವಾದ 6.47 ದಿನದ ಅವಧಿಯೂ 1.18 ದಿನದ ಸುಳ್ಳು ಅವಧಿಯೂ ಬಿಂದುಗಳಿಗೆ ಅಷ್ಟೇ ಚೆನ್ನಾಗಿ ಕೂರುತ್ತವೆ. ಯಾವ ಅವಧಿ ಎಷ್ಟು ಚೆನ್ನಾಗಿ ಕೂರುತ್ತದೆ ಅಂತ ತೋರಿಸುವ ಲಾಂಬ್–ಸ್ಕಾರ್ಗಲ್ ಚಿತ್ರದಲ್ಲಿ ಎರಡು ಶಿಖರ ಒಂದೇ ಎತ್ತರ ನಿಂತಿರುತ್ತವೆ. ಕಿರಿದನ್ನು ಆರಿಸಿಕೊಂಡರೆ ಕಪ್ಪುಕುಳಿ ನ್ಯೂಟ್ರಾನ್ ನಕ್ಷತ್ರವಾಗಿಬಿಡುತ್ತದೆ. ಮದ್ದು ಸುಲಭ. ಒಂದೇ ರಾತ್ರಿ ಐದು ತಾಸಿನ ಅಂತರದಲ್ಲಿ ಎರಡು ರೋಹಿತ ತೆಗೆಯಿರಿ. ನಿಜವಾದ ಅವಧಿಯಾದರೆ ಅಷ್ಟರಲ್ಲಿ ವೇಗ ಹೆಚ್ಚೆಂದರೆ 42 ಕಿ.ಮೀ. ಬದಲಾಗುತ್ತದೆ. ಸುಳ್ಳು ಅವಧಿಯಾದರೆ 200 ದಾಟಬಹುದು. ವೇಗ ಸೊನ್ನೆ ದಾಟುವ ರಾತ್ರಿ ಇದನ್ನು ಮಾಡಿದರೆ ಒಂದೇ ಜೋಡಿ ಬಿಂದುವಿನಲ್ಲಿ ವ್ಯಾಜ್ಯ ಮುಗಿಯುತ್ತದೆ.

ಎಕ್ಸ್‌ಪೋಶರ್ ಎಷ್ಟು ಹೊತ್ತು? ವಿ404ಕ್ಕೆ ಅರ್ಧ ಗಂಟೆ ಕೊಟ್ಟರೂ ಅಷ್ಟು ಹೊತ್ತಿನಲ್ಲಿ ವೇಗ ಬದಲಾಗಿ ಗೆರೆ 4 ಕಿ.ಮೀ. ಮಾತ್ರ ಉಜ್ಜಿಕೊಳ್ಳುತ್ತದೆ. ಆದರೆ ಎ0620-00 ಅನ್ನೋ ಇನ್ನೊಂದು ಕಪ್ಪುಕುಳಿ ಜೋಡಿಯ ಅವಧಿ ಬರೀ 7.75 ತಾಸು. ಅದಕ್ಕೆ 20 ನಿಮಿಷ ಕೊಟ್ಟರೆ 118 ಕಿ.ಮೀ. ಉಜ್ಜಿಕೊಳ್ಳಬಹುದು. ಅಲ್ಲಿ ಗೆರೆ ಹುಡುಕೋದೇ ಕಷ್ಟ.

ಈಗ ಲೆಕ್ಕ. ಅವಧಿ 6.4714 ದಿನ, ವೇಗದ ಏರಿಳಿತದ ಅರ್ಧ ಸೆಕೆಂಡಿಗೆ 208.5 ಕಿ.ಮೀ. ಮಾಸ್ ಫಂಕ್ಷನ್‌ಗೆ ವೇಗದ ಘನವನ್ನು ದಿನಗಳಲ್ಲಿರುವ ಅವಧಿಯಿಂದ ಗುಣಿಸಿ, 1.036ರಿಂದ ಮತ್ತೆ ಗುಣಿಸಿ, ಒಂದು ಕೋಟಿಯಿಂದ ಭಾಗಿಸಿ. ವೇಗದ ಘನ 90.64 ಲಕ್ಷ. ಅವಧಿಯಿಂದ ಗುಣಿಸಿದರೆ 5.866 ಕೋಟಿ. ಉತ್ತರ ಸೂರ್ಯನ 6.08 ಪಟ್ಟು.

ಏರಿಳಿತದ *ಅರ್ಧ* ಅಂದೆ, ಗಮನಿಸಿ. ತುದಿಯಿಂದ ತುದಿಗೆ ಅಳೆದು ಹಾಕಿದರೆ ಉತ್ತರ ಎಂಟು ಪಟ್ಟು ಉಬ್ಬುತ್ತದೆ. ಇದನ್ನು ಮಾಡಿದವರು ನನಗೆ ಒಬ್ಬಿಬ್ಬರಲ್ಲ ಸಿಕ್ಕಿರುವುದು.

ಈ 6.08 ಅನ್ನೋದು ಕನಿಷ್ಠ ಮಿತಿ. ಓರೆ (ಕಕ್ಷೆ ನಮಗೆ ಎಷ್ಟು ವಾಲಿ ಕಾಣುತ್ತದೆ ಅನ್ನೋ ಕೋನ, ಪೂರ್ತಿ ಅಡ್ಡಲಾಗಿ ಕಂಡರೆ 90 ಡಿಗ್ರಿ) ಎಷ್ಟೇ ಇರಲಿ, ಜೊತೆಗಾರ ಎಷ್ಟೇ ಹಗುರವಾಗಿರಲಿ, ಕಾಣದ ಕಾಯ ಇದಕ್ಕಿಂತ ಕಡಿಮೆ ತೂಗಲಾರದು. ನ್ಯೂಟ್ರಾನ್ ನಕ್ಷತ್ರಕ್ಕೆ ಮೇಲಿನ ಮಿತಿ ಸುಮಾರು 3. ಹಾಗಾಗಿ ವಿ404 ಕಪ್ಪುಕುಳಿಯಾ ಅಂತ ಮಾತ್ರ ಕೇಳಿದ್ದರೆ ನಿಮ್ಮ ಕೆಲಸ ಇಲ್ಲಿಗೇ ಮುಗಿಯಿತು.

## ಹಂತ 3: ಜೊತೆಗಾರನ ಪಾಲು

ಜೊತೆಗಾರನ ತೂಕವನ್ನು ಕಪ್ಪುಕುಳಿಯ ತೂಕದಿಂದ ಭಾಗಿಸಿದರೆ ಬರುವ ಅನುಪಾತ ಈಗ ಬೇಕು. ನಕ್ಷತ್ರ ತನ್ನ ಸುತ್ತ ತಾನು ಎಷ್ಟು ವೇಗವಾಗಿ ತಿರುಗುತ್ತದೆ ಅನ್ನೋದರಿಂದ ಅದು ಸಿಗುತ್ತದೆ. ಇಂಥ ಜೋಡಿಯಲ್ಲಿ ನಕ್ಷತ್ರ ತನ್ನ ಪಾಲಿನ ಜಾಗವನ್ನೆಲ್ಲಾ (ಅದರ ಗುರುತ್ವ ಹಿಡಿದಿಡಬಲ್ಲಷ್ಟು ಜಾಗ) ತುಂಬಿಕೊಂಡು, ಒಂದೇ ಮುಖವನ್ನು ಕಪ್ಪುಕುಳಿಗೆ ತೋರಿಸುತ್ತಾ ಸುತ್ತುತ್ತದೆ, ಚಂದ್ರ ನಮಗೆ ತೋರಿಸುವ ಹಾಗೆ. ತಿರುಗುವಿಕೆಯಿಂದ ಗೆರೆ ಅಗಲವಾಗುತ್ತದೆ.

ಮಾದರಿ ನಕ್ಷತ್ರದ ಗೆರೆಗಳನ್ನು 10ರಿಂದ 80 ಕಿ.ಮೀ.ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಅಗಲಿಸಿ, ಪ್ರತಿ ಸಲವೂ ನಿಮ್ಮ ರೋಹಿತದಿಂದ ಕಳೆಯಿರಿ. ಉಳಿಕೆ ಎಲ್ಲಿ ಅತಿ ಸಪಾಟಾಗುತ್ತದೋ ಅದೇ ತಿರುಗುವ ವೇಗ. ವಿ404ಕ್ಕೆ 39.1 ಕಿ.ಮೀ. ಇದನ್ನು 208.5ರಿಂದ ಭಾಗಿಸಿ, ಆಮೇಲೆ 0.462 ಅನ್ನೋ ಸ್ಥಿರಾಂಕದಿಂದ ಭಾಗಿಸಿ, ಬಂದದ್ದನ್ನು ಘನ ಮಾಡಿದರೆ 0.067. ಅನುಪಾತಕ್ಕೆ ಒಂದು ಕೂಡಿಸಿ, ಬಂದದ್ದನ್ನು ವರ್ಗ ಮಾಡಿ, ಮತ್ತೆ ಅನುಪಾತದಿಂದ ಗುಣಿಸಿದರೆ ಬರುವುದಕ್ಕೆ ಇದು ಸಮ. ನಾಲ್ಕು ಸಲ ಅಂದಾಜು ಹಾಕಿ ನೋಡಿದರೆ ಅನುಪಾತ 0.06 ಅಂತ ಬರುತ್ತದೆ.

ಉಪಕರಣದ ಮಿತಿ ಕಾಡುವುದು ಇಲ್ಲೇ. ನಿಮ್ಮ ರೋಹಿತಮಾಪಕ 100 ಕಿ.ಮೀ.ಗಿಂತ ಸಣ್ಣದನ್ನು ಬಿಡಿಸಲಾರದು ಅಂದರೆ 39 ಕಿ.ಮೀ. ಅಗಲವನ್ನು ಅದು ಕಂಡಿಲ್ಲ. ಆಗ ಬರುವ ಸಂಖ್ಯೆ ಉಪಕರಣದ್ದು, ನಕ್ಷತ್ರದ್ದಲ್ಲ. ಸೂಚನೆ ಏನಪ್ಪಾ ಅಂದರೆ, ಬೇರೆ ಬೇರೆ ಮಾದರಿ ನಕ್ಷತ್ರ ಹಾಕಿದಾಗ ಉತ್ತರ ಸಿಕ್ಕಾಪಟ್ಟೆ ಹಾರಾಡುತ್ತದೆ.

ಆದರೂ ಇದಕ್ಕೆ ನಿದ್ದೆಗೆಡಬೇಡಿ. ಅನುಪಾತ 0.05 ಇದ್ದದ್ದು 0.10 ಆದರೂ ಕೊನೆಯ ತೂಕ ಬದಲಾಗುವುದು ಸುಮಾರು 10%. ನಿಜವಾದ ತಲೆನೋವು ಮುಂದಿದೆ.

## ಹಂತ 4: ಪರಕೀಯ ಬೆಳಕನ್ನು ಕಳೆಯಿರಿ

ಎಲ್ಲರೂ ಹಾರಿಸುವ ಹಂತ ಇದು. ಮುಂದಿನ ಹಂತದಲ್ಲಿ ನಕ್ಷತ್ರದ ಬೆಳಕು ಎಷ್ಟು ಏರಿಳಿಯುತ್ತದೆ ಅನ್ನೋದರಿಂದ ಓರೆ ತೆಗೆಯುತ್ತೇವೆ. ನಿಮ್ಮ ಕ್ಯಾಮೆರಾಗೆ ಬಂದದ್ದು ಬರೀ ನಕ್ಷತ್ರದ ಬೆಳಕಾ? ಅಲ್ಲ. ತಟ್ಟೆಯದ್ದೂ ಸೇರಿದೆ. ನೀರು ಬೆರೆಸಿದ ಹಾಲಿನ ಹಾಗೆ. ಎಷ್ಟು ನೀರು ಅಂತ ಗೊತ್ತಿಲ್ಲದೆ ಹಾಲಿನ ಗಟ್ಟಿತನ ಹೇಳೋಕಾಗಲ್ಲ ಅಲ್ವಾ?

ಅಳೆಯುವ ವಿಧಾನ ಇದು. ಎಲ್ಲಾ ರೋಹಿತಗಳನ್ನೂ ಜೊತೆಗಾರನ ವೇಗಕ್ಕೆ ಸರಿಸಿ, ಕೂಡಿಸಿ. ಹಂತ 3ರಲ್ಲಿ ಅಗಲಿಸಿದ ಮಾದರಿಯನ್ನು 0.5, 0.6, 0.7 ಹೀಗೆ ಭಾಗಗಳಲ್ಲಿ ಕಳೆಯುತ್ತಾ ಹೋಗಿ. ಉಳಿಕೆಯಲ್ಲಿ ಗೆರೆಗಳ ಗುಳಿ ಇನ್ನೂ ಕಂಡರೆ ಕಳೆದದ್ದು ಕಡಿಮೆ. ಗುಳಿಯ ಜಾಗದಲ್ಲಿ ಉಬ್ಬು ಎದ್ದರೆ ಕಳೆದದ್ದು ಜಾಸ್ತಿ. ಸಪಾಟಾದ ಕಡೆ ಇರುವ ಭಾಗವೇ ನಕ್ಷತ್ರದ ಪಾಲು, ಮಿಕ್ಕಿದ್ದು ತಟ್ಟೆಯದು.

ಒಂದು ಎಚ್ಚರ. ಈ ಪಾಲು ಬ್ಯಾಂಡ್‌ನಿಂದ ಬ್ಯಾಂಡ್‌ಗೆ ಬದಲಾಗುತ್ತದೆ. ಕೆಂಪು ರೋಹಿತದಲ್ಲಿ ಅಳೆದು ನೀಲಿ ಬೆಳಕಿನ ರೇಖೆಗೆ ಹಾಕಬೇಡಿ. 2010ರಲ್ಲಿ ವಿ404ಕ್ಕೆ ಅವಕೆಂಪಿನ ಎಚ್ ಬ್ಯಾಂಡಿನಲ್ಲಿ ಅಳೆದಾಗ ನಕ್ಷತ್ರದ ಪಾಲು 0.98 ಬಂತು. ಅಂದರೆ ಹೆಚ್ಚುಕಮ್ಮಿ ಗಟ್ಟಿ ಹಾಲೇ. ಅವಕೆಂಪಿನ ಬೆಳಕಿನ ರೇಖೆ ಹುಡುಕಿ ಅಂದದ್ದು ಇದಕ್ಕೇ.

ವಿ404ರಲ್ಲಿ ಇನ್ನೊಂದು ಕಳ್ಳ ಬೆಳಕಿದೆ. ಬರೀ 1.4 ಆರ್ಕ್‌ಸೆಕೆಂಡ್ ಪಕ್ಕದಲ್ಲಿ ಒಂದು ಮಂದ ನಕ್ಷತ್ರ. ಆಕಾಶ ಸ್ವಲ್ಪ ಕದಡಿದರೂ ಎರಡೂ ಒಂದೇ ಚುಕ್ಕೆಯಾಗಿ ಕಾಣುತ್ತವೆ. ಬಹಳ ಕಾಲ ಅದು ಸುಮ್ನೆ ಅಡ್ಡ ಬಂದ ನಕ್ಷತ್ರ ಅಂದುಕೊಂಡಿದ್ದರು. ಅದು ಈ ಜೋಡಿಯನ್ನೇ ದೂರದಿಂದ ಸುತ್ತುವ ಮೂರನೆಯವನು ಅಂತ 2024ರಲ್ಲಿ ಗೊತ್ತಾಯಿತು. ಕತೆ ಚೆನ್ನಾಗಿದೆ, ಆದರೆ ನಿಮ್ಮ ಲೆಕ್ಕಕ್ಕೆ ಅದು ಈಗಲೂ ಅಡ್ಡ ಬಂದ ಬೆಳಕೇ. ಚೆನ್ನಾಗಿ ಬಿಡಿಸಿ ಕಾಣುವ ಒಂದು ಚಿತ್ರದಲ್ಲಿ ಅದರ ಹೊಳಪು ಅಳೆದು, ಉಳಿದ ಎಲ್ಲಾ ಬಿಂದುಗಳಿಂದ ಕಳೆಯಿರಿ.

## ಹಂತ 5: ಓರೆ ಕೋನ

ಜಾಗ ತುಂಬಿಕೊಂಡ ನಕ್ಷತ್ರ ಗೋಳವಲ್ಲ, ಕಪ್ಪುಕುಳಿಯ ಕಡೆ ಚೂಪಾದ ಹನಿಯ ಆಕಾರ. ಪಕ್ಕದಿಂದ ನೋಡಿದಾಗ ದೊಡ್ಡದು, ತುದಿಯಿಂದ ನೋಡಿದಾಗ ಚಿಕ್ಕದು. ಹಾಗಾಗಿ ಒಂದು ಸುತ್ತಿಗೆ ಬೆಳಕು ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಕಕ್ಷೆಯನ್ನು ನಾವು ಎಷ್ಟು ಅಡ್ಡಲಾಗಿ ನೋಡುತ್ತೇವೋ ಏರಿಳಿತ ಅಷ್ಟು ಜಾಸ್ತಿ. ಬೆಳಕಿನ ರೇಖೆಯಿಂದಲೇ ಅವಧಿ ತೆಗೆಯಲು ಹೋದವರು ನಿಜದ ಅರ್ಧ ಅವಧಿ ಹಿಡಿಯುವುದು ಇದೇ ಕಾರಣಕ್ಕೆ. ಅವಧಿ ಯಾವತ್ತೂ ರೋಹಿತದಿಂದಲೇ ಬರಲಿ.

ಫೀಬಿಯಲ್ಲಿ ಅವಧಿ, ಆರಂಭದ ಸಮಯ, ಅನುಪಾತ ಮೂರನ್ನೂ ಹಂತ 2 ಮತ್ತು 3ರ ಬೆಲೆಗೆ ಕಟ್ಟಿಹಾಕಿ. ತಟ್ಟೆಯ ಪಾಲನ್ನು ಹಂತ 4ರ ಬೆಲೆಯ ಆಸುಪಾಸಿನಲ್ಲಿ ಮಾತ್ರ ಅಲ್ಲಾಡಲು ಬಿಡಿ. ಓರೆಯನ್ನು ಪೂರ್ತಿ ಬಿಟ್ಟುಬಿಡಿ. ತಟ್ಟೆಯ ಪಾಲನ್ನೂ ಓರೆಯನ್ನೂ ಒಟ್ಟಿಗೆ ಬಿಟ್ಟರೆ ಎರಡೂ ಒಂದನ್ನೊಂದು ಎಳೆದಾಡಿ ಎಲ್ಲಿ ಬೇಕಾದರೂ ನಿಲ್ಲುತ್ತವೆ.

12 ಪಟ್ಟು ಹೇಗೆ ಬರುತ್ತದೆ. ಏರಿಳಿತ ಸುಮಾರಾಗಿ ಓರೆಯ ಸೈನ್ ವರ್ಗದ ಪ್ರಕಾರ ಬದಲಾಗುತ್ತದೆ ಅಂತ ಇಟ್ಟುಕೊಳ್ಳಿ. ನಿಜವಾದ ಓರೆ 67 ಡಿಗ್ರಿ. ನಿಮ್ಮ ಬೆಳಕಿನಲ್ಲಿ 20% ತಟ್ಟೆಯದು, ನೀವು ಅದನ್ನು ಕಳೆಯಲಿಲ್ಲ. ಏರಿಳಿತ 0.8 ಪಟ್ಟು ಕಾಣುತ್ತದೆ. ಸೈನ್ 0.92 ಇದ್ದದ್ದು 0.82 ಆಗುತ್ತದೆ. ಓರೆ 55 ಡಿಗ್ರಿ ಅಂತ ಬರುತ್ತದೆ. ತೂಕದಲ್ಲಿ ಸೈನ್‌ನ *ಘನ* ಕೆಳಗೆ ಕೂರುವುದರಿಂದ 8.8 ಇದ್ದ ಉತ್ತರ 12.2 ಆಗುತ್ತದೆ. ಇದು ತೋರಿಸಲಿಕ್ಕೆ ನಾನು ಕಟ್ಟಿದ ಲೆಕ್ಕ. ಆದರೆ ಪ್ರಕಟವಾದ ಬೆಲೆಗಳಲ್ಲೂ ಇಷ್ಟೇ ಅಂತರ ಇದೆ: 1994ರಲ್ಲಿ ಓರೆ 56 ಡಿಗ್ರಿ, ತೂಕ 12. 2010ರಲ್ಲಿ ಓರೆ 67, ತೂಕ 9. ವೇಗ, ಅವಧಿ ಎರಡೂ ಅಲ್ಲಾಡಿರಲಿಲ್ಲ.

ಬೆಳಕಿನ ರೇಖೆಯನ್ನು ಎಸೆಯಬೇಕಾದ ಸೂಚನೆಗಳು:

- ಎರಡು ಶಿಖರಗಳು ಒಂದೇ ಎತ್ತರ ಇಲ್ಲ. ತಟ್ಟೆಯ ಮೇಲೆ ಬಿಸಿ ಕಲೆ ಅಥವಾ ನಕ್ಷತ್ರದ ಮೇಲೆ ಕಪ್ಪು ಕಲೆ ಇರಬಹುದು.
- ನಕ್ಷತ್ರ ಆಚೆ ಬದಿಗೆ ಹೋದಾಗಿನ ತಗ್ಗು ಸಹಜವಾಗಿ ಇನ್ನೊಂದಕ್ಕಿಂತ ಸ್ವಲ್ಪ ಆಳವಾಗಿರಬೇಕು. ಅದೇ ತುಂಬಿಕೊಂಡಿದ್ದರೆ ಎಕ್ಸ್-ರೇ ಆ ಮುಖವನ್ನು ಕಾಯಿಸುತ್ತಿದೆ, ಜೋಡಿ ಶಾಂತವಾಗಿಲ್ಲ.
- ಎರಡು ಋತುಗಳ ರೇಖೆಗಳ ಆಕಾರ ಬೇರೆ ಬೇರೆ.

ಮೂರನೆಯದಕ್ಕೆ ಎ0620-00 ಒಳ್ಳೆಯ ಪಾಠ. ಅದರ ಓರೆ ಅಂತ 40ರ ಕೆಳಗಿನಿಂದ 70ರ ಮೇಲಿನವರೆಗೂ ಬೆಲೆಗಳು ಬಂದಿದ್ದವು. ಉಕ್ಕದೆ ತಣ್ಣಗಿದ್ದಾಗಲೂ ಅದರ ತಟ್ಟೆಗೆ ಮಂಕಾದ ದಿನಗಳು, ಚುರುಕಾದ ದಿನಗಳು ಇವೆ. 2010ರಲ್ಲಿ ಮಂಕಾದ ದಿನಗಳ ಬಿಂದುಗಳನ್ನಷ್ಟೇ ಆರಿಸಿ ಲೆಕ್ಕ ಹಾಕಿದಾಗ 51 ಡಿಗ್ರಿಗೆ ನಿಂತಿತು, ತಪ್ಪಿನ ಅಂಚು ಒಂದು ಡಿಗ್ರಿಯೊಳಗೆ ಬಂತು. ದತ್ತಾಂಶ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನೋದು ಇಲ್ಲಿ ನಡೆಯಲ್ಲ.

## ಹಂತ 6: ಎಲ್ಲಾ ಸೇರಿಸಿ

ಮಾಸ್ ಫಂಕ್ಷನ್ 6.08. ಅನುಪಾತಕ್ಕೆ ಒಂದು ಕೂಡಿಸಿ ವರ್ಗ ಮಾಡಿದರೆ, ಅಂದರೆ 1.06ರ ವರ್ಗ, 1.124. ಗುಣಿಸಿದರೆ 6.83. 67 ಡಿಗ್ರಿಯ ಸೈನ್‌ನ ಘನ 0.78. ಭಾಗಿಸಿದರೆ ಸೂರ್ಯನ 8.8 ಪಟ್ಟು. ಪ್ರಕಟವಾದ 9.0ರ ತಪ್ಪಿನ ಅಂಚಿನೊಳಗೇ ಇದೆ.

ತಪ್ಪಿನ ಅಂಚನ್ನು ಕೈಲೆಕ್ಕದಲ್ಲಿ ಹಾಕಬೇಡಿ, ಎರಡೂ ಕಡೆ ಅದು ಸಮ ಇರುವುದಿಲ್ಲ. ವೇಗ, ಅನುಪಾತ, ಓರೆ ಒಂದೊಂದಕ್ಕೂ ಒಂದು ಲಕ್ಷ ಯಾದೃಚ್ಛಿಕ ಬೆಲೆ ಎತ್ತಿ, ಪ್ರತಿ ಸಲ ತೂಕ ತೆಗೆದು, ಹರಡಿದ್ದನ್ನು ನೋಡಿ. ಓರೆಯ ಬಗ್ಗೆ ಏನೇನೂ ಗೊತ್ತಿಲ್ಲದಿದ್ದರೆ ಕೋನವನ್ನು ಸಮನಾಗಿ ಎತ್ತಬಾರದು, ಅದರ ಕೊಸೈನ್ ಅನ್ನು ಸಮನಾಗಿ ಎತ್ತಬೇಕು. ಕೋನ ಕಡಿಮೆ ಇದ್ದಷ್ಟೂ ಹೊಡೆತ ಜಾಸ್ತಿ. 3 ಡಿಗ್ರಿ ತಪ್ಪಿದರೆ 67ರಲ್ಲಿ ತೂಕ ಸುಮಾರು 7% ಕದಲುತ್ತದೆ. 40ರಲ್ಲಿ 19%. 27ರಲ್ಲಿ 31%.

ಸಿಗ್ನಸ್ ಎಕ್ಸ್-1 ಅನ್ನೋ ಕಪ್ಪುಕುಳಿ ಜೋಡಿ ಇರುವುದು ಆ ಕೊನೆಯ ಸಾಲಿನಲ್ಲಿ, ಅದರ ಓರೆ ಸುಮಾರು 27 ಡಿಗ್ರಿ. ಅಲ್ಲದೆ ಅದರ ಜೊತೆಗಾರ ಜಾಗ ಪೂರ್ತಿ ತುಂಬದ ದೈತ್ಯ ನಕ್ಷತ್ರ. ಅಲ್ಲಿ ನಕ್ಷತ್ರದ ಗಾತ್ರ ಬೇಕು, ಗಾತ್ರಕ್ಕೆ ದೂರ ಬೇಕು. ರೇಡಿಯೋ ಅಳತೆಯಿಂದ ದೂರ (ಒಂದು ಕಿಲೋಪಾರ್ಸೆಕ್ ಅಂದರೆ ಸುಮಾರು 3,260 ಜ್ಯೋತಿರ್ವರ್ಷ) 1.86ರಿಂದ 2.22 ಕಿಲೋಪಾರ್ಸೆಕ್‌ಗೆ ಏರಿದಾಗ ಕಪ್ಪುಕುಳಿಯ ತೂಕ 14.8ರಿಂದ 21.2ಕ್ಕೆ ಹಾರಿತು, 2021ರಲ್ಲಿ. ಮೇಲಿನ ಹಂತಗಳನ್ನು ಹಾಗೇ ಅದಕ್ಕೆ ಹಚ್ಚಬೇಡಿ.

## ಹಂತ 7: ಗೊತ್ತಿರುವುದರ ಮೇಲೆ ಓಡಿಸಿ ನೋಡಿ

ನಿಮ್ಮ ಸ್ವಂತ ಜೋಡಿಯ ಸಂಖ್ಯೆ ಹಾಕುವ ಮುಂಚೆ ಎ0620-00 ಹಾಕಿ. ಅವಧಿ 0.323014 ದಿನ, ವೇಗ 435.4 ಕಿ.ಮೀ., ಅನುಪಾತ 0.06, ಓರೆ 51 ಡಿಗ್ರಿ. ಮಾಸ್ ಫಂಕ್ಷನ್ 2.76, ತೂಕ 6.6 ಬರಬೇಕು. 2.76 ಬಂದು 6.6 ಬರದಿದ್ದರೆ ನೂರಕ್ಕೆ ತೊಂಬತ್ತು ಸಲ ಕೋಡ್‌ನಲ್ಲಿ ಸೈನ್‌ಗೆ ಡಿಗ್ರಿಯನ್ನೇ ಕೊಟ್ಟಿರುತ್ತೀರಿ, ರೇಡಿಯನ್‌ಗೆ ಬದಲಿಸಿರುವುದಿಲ್ಲ. 51 ರೇಡಿಯನ್ ಅಂದುಕೊಂಡು ಪೈಥಾನ್ ಏನೂ ದೂರದೆ ಸೂರ್ಯನ 10 ಪಟ್ಟು ಅಂತ ಹೇಳಿಬಿಡುತ್ತದೆ. ನೋಡಲು ಆ ಸಂಖ್ಯೆಯೂ ಒಳ್ಳೇ ಕಪ್ಪುಕುಳಿಯ ಹಾಗೇ ಇರುತ್ತದೆ.